ತವರದ ಒಳಗುಟ್ಟು

ನಮ್ಮ ಕುಕನೂರಿನಲ್ಲಿ ತವರ ಎಂಬ ಲೋಹಕ್ಕೆ ಯಾರೂ ತವರ ಅನ್ನುವುದಿಲ್ಲ, ಕಲಾಯಿ ಅನ್ನುತ್ತಾರೆ. ತವರ ಎಂದರೆ ಅಲ್ಲಿ ಒಂದೇ ಅರ್ಥ, ತವರಮನಿ. ವರ್ಷಗಟ್ಟಲೆ ಆ ಲೋಹವನ್ನೇ ಕಾಯಿಸಿ, ಆವಿ ಮಾಡಿ, ಅದರ ಮೇಲೆ ಲೇಸರ್ ಬಿಟ್ಟು ಡಾಕ್ಟರೇಟ್ ಪಡೆದ ನನಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಮುಂದೆ ಪತ್ರಿಕೆಯವನೊಬ್ಬ ಕೇಳಿದಾಗ ಕಲಾಯಿ ಅನ್ನಲಿಲ್ಲ, ತವರ ಅಂದೆ. ಓದಿದವರಿಗೆ ಶುದ್ಧ ಕನ್ನಡದ ಚಪಲ ಒಂದು ಇರುತ್ತದಲ್ಲ, ಅದು.

ನಾನು ಮೊದಲು ಆ ಲೋಹ ಕಂಡದ್ದು ನಮ್ಮ ಓಣಿಯಲ್ಲೇ. ವರ್ಷಕ್ಕೊಮ್ಮೆ ಕಲಾಯಿ ಸಾಬರು ಬೇವಿನ ಗಿಡದ ಕೆಳಗೆ ಕುಳಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತಲು ಕೂರುತ್ತಿದ್ದರು. ನಾವು ಮನೆಯ ತಾಮ್ರದ ಹಂಡೆ, ಹಿತ್ತಾಳೆಯ ಬೋಗಾಣಿ ಹೊತ್ತು ಒಯ್ಯುತ್ತಿದ್ದೆವು. ಕಾದ ಪಾತ್ರೆಗೆ ಅವರು ನವಸಾಗರದ ಪುಡಿ ಎರಚಿ, ಕಡ್ಡಿಯಂಥ ಬೆಳ್ಳಗಿನದೊಂದನ್ನು ಮುಟ್ಟಿಸಿ ಅರಳೆಯಿಂದ ಒರೆಸಿದರೆ ಕಪ್ಪಾಗಿದ್ದ ಒಳಮೈ ಒಂದೇ ಏಟಿಗೆ ಬೆಳ್ಳಗಾಗುತ್ತಿತ್ತು. ಮೂಗು ಸುಡುವ ಹೊಗೆ. ನಾನು ಕೆಮ್ಮುತ್ತಲೇ ನೋಡುತ್ತಿದ್ದೆ. ನನ್ನ ತಂಗಿ ನನ್ನ ಲಂಗ ಹಿಡಿದು ಹಿಂದೆ ನಿಂತಿರುತ್ತಿದ್ದಳು. ಅವ್ವ ಆಕೆ ತೀರಾ ಸಣ್ಣವಳಿದ್ದಾಗಲೇ ಹೋದಳು. ಹಾಗಾಗಿ ತಂಗಿಯ ಮಟ್ಟಿಗೆ ಅವ್ವನೂ ನಾನೇ, ಅಕ್ಕನೂ ನಾನೇ. ಮನೆಯಲ್ಲಿ ಇದ್ದವರು ಮೂರೇ ಜನ: ಅಪ್ಪ, ನಾನು, ಆಕೆ.

ಅಪ್ಪ ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್. ಊರಿನ ಅರ್ಧ ಮಂದಿ ಡಾಕ್ಟರರಿಗಿಂತ ಅವನನ್ನೇ ಹೆಚ್ಚು ನಂಬುತ್ತಿದ್ದರು. ಯಾರ ಮನೆಯ ಯಾರಿಗೆ ಯಾವ ಜಡ್ಡು ಎಂಬುದೆಲ್ಲ ಅವನ ಹೊಟ್ಟೆಯಲ್ಲಿ ಇತ್ತು, ಒಂದೂ ಹೊರಗೆ ಬರುತ್ತಿರಲಿಲ್ಲ. ಊರಿಗೆ ಉಪಕಾರವಾದ ಆ ಗುಣವೇ ನಮ್ಮ ಮನೆಯನ್ನು ತಿಂದಿತು ಎಂದು ನನಗೆ ಈಗ ಅನ್ನಿಸುತ್ತದೆ.

ಕೊಪ್ಪಳ ಜಿಲ್ಲೆಯಾದ ವರ್ಷ, ಅಂದರೆ ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ, ನನಗೆ ದೂರದ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಗೆ ಜಾಗ ಸಿಕ್ಕಿತು. ಹೊರಡುವ ಹಿಂದಿನ ದಿನ ಮುಂಜಾನೆ ತಂಗಿ ನಳದ ನೀರು ಹಿಡಿದು ಬರುತ್ತಾ ಅಂಗಳದಲ್ಲಿ ಕೊಡ ಸಮೇತ ಬಿದ್ದಳು. ಕೈಕಾಲು ಸೆಟೆದವು, ಕಣ್ಣು ಮೇಲೆ ಹೋದವು, ಬಾಯಲ್ಲಿ ನೊರೆ. ನಾನು ಚೀರಿದೆ. ಅಪ್ಪ ಓಡಿ ಬಂದವನು ಮೊದಲು ಬೀದಿಬಾಗಿಲು ಹಾಕಿದ, ಆಮೇಲೆ ಮಗಳ ತಲೆ ಎತ್ತಿ ಹಿಡಿದ. ಆ ಕ್ರಮವನ್ನು ನಾನು ಇವತ್ತಿಗೂ ಮರೆತಿಲ್ಲ. ಫಿಟ್ಸ್ ಬಂದವರನ್ನು ಹೇಗೆ ಮಗ್ಗುಲಿಗೆ ಮಲಗಿಸಬೇಕು ಎಂದು ಊರಿಗೆಲ್ಲ ಕಲಿಸಿದ ಮನುಷ್ಯ ಅವನು.

“ಯಾರ ಮುಂದೂ ಬಾಯಿ ಬಿಡಬ್ಯಾಡ,” ಅಂದ ನನಗೆ. “ಹೆಣ್ಣು ಹುಡುಗಿ. ನಾಳೆ ಆಕಿಗೊಂದು ಮನಿ ಆಗಬೇಕು.”

ಗುಳಿಗೆಗಳನ್ನು ಅವನೇ ಹುಬ್ಬಳ್ಳಿಗೆ ಹೋಗಿ ತರುತ್ತಿದ್ದ. ಮೇಲಿನ ಕಾಗದ ಕಿತ್ತು ಹಾಕಿ ಅವನ್ನು ಉಪ್ಪಿನಕಾಯಿ ಭರಣಿಯ ಹಿಂದೆ ಡಬ್ಬಿಯಲ್ಲಿ ಇಡುತ್ತಿದ್ದ. ಯಾರಾದರೂ ನೋಡಿ ಕೇಳಿದರೆ ರಕ್ತ ಆಗುವ ಗುಳಿಗೆ ಎಂದು ಹೇಳಲು ತಂಗಿಗೆ ಬಾಯಿಪಾಠ ಮಾಡಿಸಿದ್ದ. ಮನೆಗೆ ನೆಂಟರು ಬಂದ ದಿನ ಗುಳಿಗೆ ತಪ್ಪುತ್ತಿತ್ತು. ತಪ್ಪಿದ ಮೇಲೆ ಫಿಟ್ಸ್ ಬರುತ್ತಿತ್ತು. ಆಗ ಮತ್ತೆ ಬಾಗಿಲು ಹಾಕುವುದು.

ಇತ್ತ ನಾನು ಕತ್ತಲೆಯ ಕೋಣೆಯೊಂದರಲ್ಲಿ ತವರದ ಒಳಗನ್ನು ಅಳೆಯುತ್ತಿದ್ದೆ. ಓದುವವರಿಗೆ ಬೇಸರವಾಗದಷ್ಟು ಹೇಳುತ್ತೇನೆ. ಪರಮಾಣುವಿನ ನಡುವೆ ಒಂದು ಬೀಜ ಇದೆ, ಅದರ ಸುತ್ತ ಎಲೆಕ್ಟ್ರಾನುಗಳು. ಆ ಬೀಜವನ್ನು ಕಣ್ಣಿಗೆ ತೋರಿಸುವ ಯಾವ ಸೂಕ್ಷ್ಮದರ್ಶಕವೂ ಇಲ್ಲ. ಆದರೆ ಬೀಜ ಚೂರು ಉಬ್ಬಿದರೂ ಸುತ್ತಲಿನ ಎಲೆಕ್ಟ್ರಾನುಗಳಿಗೆ ಅದು ತಿಳಿಯುತ್ತದೆ. ಅವು ಹೀರುವ ಬೆಳಕಿನ ಬಣ್ಣ ಕೂದಲೆಳೆಯಷ್ಟು ಅತ್ತಿತ್ತ ಸರಿಯುತ್ತದೆ. ಮನೆಯೊಳಗೆ ಜಗಳವಾದದ್ದು ಓಣಿಯವರ ನಡಿಗೆಯಲ್ಲಿ ಗೊತ್ತಾಗುವುದಿಲ್ಲವೇ, ಹಾಗೆ. ಲೇಸರ್ ಎಂದರೆ ಒಂದೇ ಬಣ್ಣಕ್ಕೆ ಅಂಟಿಕೊಂಡು ನಿಲ್ಲುವ ಬೆಳಕು. ಅದರ ಬಣ್ಣವನ್ನು ಎಳೆ ಎಳೆಯಾಗಿ ಬದಲಿಸುತ್ತಾ ಹೋದರೆ ಒಂದು ಕಡೆ ಪರಮಾಣುಗಳು ಫಕ್ಕನೆ ಆ ಬೆಳಕು ಕುಡಿದು ಹೊಳೆಯುತ್ತವೆ. ಎಲ್ಲಿ ಹೊಳೆದವು ಎಂದು ಗುರುತು ಹಾಕಿಕೊಂಡರೆ ಬೀಜ ಎಷ್ಟು ದೊಡ್ಡದು, ಯಾವ ಆಕಾರದ್ದು ಎಂದು ಲೆಕ್ಕ ಹಾಕಬಹುದು.

ಈ ಕೆಲಸಕ್ಕೆ ತವರ ಹೇಳಿ ಮಾಡಿಸಿದಂಥ ಲೋಹ. ಅದರಲ್ಲಿ ಸ್ಥಿರವಾದ ಐಸೊಟೋಪುಗಳೇ ಹತ್ತು, ಬೇರೆ ಯಾವ ಧಾತುವಿಗೂ ಅಷ್ಟಿಲ್ಲ. ಹತ್ತೂ ಒಡಹುಟ್ಟಿದವು, ಪ್ರೋಟಾನುಗಳೆಲ್ಲ ಸಮ, ನ್ಯೂಟ್ರಾನುಗಳ ಸಂಖ್ಯೆ ಮಾತ್ರ ಬೇರೆ. ನ್ಯೂಟ್ರಾನುಗಳು ಜೋಡಿಯಾಗಿ ಇರಲು ಬಯಸುತ್ತವೆ. ಜೋಡಿ ಸಿಗದ ಒಂದು ನ್ಯೂಟ್ರಾನ್ ಉಳಿದ ಬೀಜ ತನ್ನ ಅಕ್ಕಪಕ್ಕದವುಗಳ ಲೆಕ್ಕಕ್ಕೆ ಹೋಲಿಸಿದರೆ ತುಸು ಕುಗ್ಗಿರುತ್ತದೆ. ಆ ಕುಗ್ಗುವಿಕೆಯನ್ನು ಅಳೆಯಲು ನನ್ನ ಯೌವನದ ಒಳ್ಳೆಯ ವರ್ಷಗಳು ಹೋದವು. ತವರ ಕರಗುವುದು ಬೇಗ, ಮನೆಯ ಒಲೆಯ ಮೇಲೂ ಕರಗುತ್ತದೆ. ಆದರೆ ಆವಿಯಾಗು ಅಂದರೆ ಮಹಾ ಹಟ. ಕುಲುಮೆ ಕೆಂಪಗೆ ಉರಿದರೂ ಸಾಕಷ್ಟು ಪರಮಾಣು ಮೇಲೆ ಬರುತ್ತಿರಲಿಲ್ಲ. ನನ್ನ ಮಾರ್ಗದರ್ಶಕರು ಬೈಯುತ್ತಿದ್ದರು, ನಾನು ಕುಲುಮೆಗೆ ಬೈಯುತ್ತಿದ್ದೆ. ಅಪ್ಪನ ಸ್ವಭಾವವೂ ಆ ತವರದ್ದೇ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು.

ಅಳೆಯುವುದಕ್ಕಿಂತ ಕಷ್ಟದ್ದು ಇನ್ನೊಂದು. ಬಣ್ಣ ಸರಿಯುವುದಕ್ಕೆ ಕಾರಣ ಬೀಜದ ಗಾತ್ರ ಒಂದೇ ಅಲ್ಲ, ಅದರ ತೂಕವೂ ಹೌದು. ಎರಡೂ ಸೇರಿಯೇ ಕಾಣುತ್ತವೆ. ಯಾವುದರ ಪಾಲು ಎಷ್ಟು ಎಂದು ಬಿಡಿಸದೆ ಬಾಯಿ ಬಿಟ್ಟರೆ ಅಳತೆ ಸರಿಯಿದ್ದೂ ಅರ್ಥ ತಪ್ಪಾಗುತ್ತದೆ.

ನಮ್ಮ ಲೇಸರಿಗೆ ಬಣ್ಣದ ದ್ರಾವಣ ತುಂಬಬೇಕಾಗುತ್ತಿತ್ತು. ಒಮ್ಮೆ ಕೈಗವಸು ತೂತಾಗಿ ಅಂಗೈಯೆಲ್ಲ ಕಿತ್ತಳೆಗೆಂಪು ಹಿಡಿಯಿತು. ತೊಳೆದರೆ ಹೋಗಲಿಲ್ಲ. ಹಾಗೇ ಊರಿಗೆ ಬಂದೆ. ಬಸ್ಸಿಳಿದು ಓಣಿಗೆ ಬರುವುದರೊಳಗೆ ಪಕ್ಕದ ಮನೆಯ ಅಜ್ಜಿ ಕೈ ಹಿಡಿದು, “ಯಾರ ಮದಿವ್ಯಾಗ ಮದರಂಗಿ ಹಚಗೊಂಡು ಬಂದೀಯವಾ? ನಿಂದ ಆತೇನ ಮತ್ತ?” ಅಂತ ಕಾಡಿದಳು. ಅಪ್ಪ ನಕ್ಕ. ಆ ದಿನ ಪಡಸಾಲೆಯಲ್ಲಿ ಕೂತು ನಾನು ಏನು ಮಾಡುತ್ತೇನೆಂದು ಅವನು ಕೇಳಿ ಕೇಳಿ ತಿಳಿದುಕೊಂಡ. ಕನ್ನಡದಲ್ಲೇ ಹೇಳಿಸಿದ. ತವರ, ಬೀಜ, ಬೆಳಕು. “ಔಷಧಿ ಹೆಸರು ಸರಿಯಾಗಿ ತಿಳಕೋಬೇಕು,” ಅಂದ, ಅವನ ಕಂಪೌಂಡರ್ ಬುದ್ಧಿ. ಮನೆಯಲ್ಲಿ ಅಂಥ ಸಂಜೆಗಳು ಕಡಿಮೆ.

ಆಮೇಲೆ ನನಗೆ ಗಂಗಾವತಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಮದುವೆಯೂ ಆಯಿತು. ಪ್ರಬಂಧ ಬರೆದು ಕಳಿಸುವುದು ಮಾತ್ರ ಉಳಿದಿತ್ತು. ಅದೇ ಸುಮಾರಿಗೆ ತಂಗಿಗೆ ಕುಷ್ಟಗಿಯ ಸಂಬಂಧ ಬಂತು. ದಾಳಿಂಬೆ ತೋಟದವರು, ಹುಡುಗ ಸಾಲಿ ಮಾಸ್ತರ, ಮಾತು ಮೃದು. ನಿಶ್ಚಯವಾಯಿತು. ನಾನು ಅಪ್ಪನಿಗೆ ಹೇಳಿದೆ:

“ಅಪ್ಪಾ, ಅವರಿಗೆ ಹೇಳಿಬಿಡೋಣ. ಗುಳಿಗಿ ತಗೊಂಡ್ರ ಆರಾಮ ಇರ್ತಾಳ. ಅಲ್ಲಿ ಹೋಗಿ ಕದ್ದು ಹೆಂಗ ನುಂಗ್ತಾಳ? ಒಲಿ ಮುಂದ ಬಿದ್ರ ಏನ್ ಗತಿ?”

“ಹೇಳಿದ ಮ್ಯಾಲ ಯಾರು ಬರ್ತಾರ? ಸಾವಿರ ಸುಳ್ಳ ಹೇಳಿ ಒಂದು ಮದಿವಿ ಮಾಡು ಅಂತಾರ. ನಾ ಒಂದೂ ಹೇಳಾಂಗಿಲ್ಲ, ಸುಮ್ಮ ಇರ್ತೀನಿ ಅಷ್ಟ.”

“ಮುಚ್ಚಿಟ್ಟು ಮದಿವಿ ಮಾಡೂದು ತಪ್ಪು.”

“ನೀ ಹೋಗಿ ಹೇಳಿದಿ ಅಂದ್ರ ನನ್ನ ಹೆಣಾ ನೋಡ್ತಿ.”

ನನ್ನ ನಾಲಿಗೆ ಮೊದಲೇ ಉದ್ದ. ಜೋರಾಗಿಯೇ ಜಗಳವಾಯಿತು. ತಂಗಿ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ಒಮ್ಮೆಯೂ ನಿಲ್ಲಲಿಲ್ಲ. ಆಕೆಯ ಮದುವೆಯ ಬಗ್ಗೆ ಅಷ್ಟು ಮಾತಾಡಿದ ನಾವಿಬ್ಬರೂ ಆಕೆಯನ್ನು ಒಂದು ಮಾತು ಕೇಳಲಿಲ್ಲ.

ಡಾಕ್ಟರೇಟ್ ಬಂತು. ಕಾಲೇಜಿನಲ್ಲಿ ಶಾಲು ಹೊದಿಸಿದರು. ಕೊಪ್ಪಳದಿಂದ ಒಬ್ಬ ಪತ್ರಿಕೆಯವನು ಬಂದಿದ್ದ, ಫೋಟೊ ಸ್ಟುಡಿಯೊ ನಡೆಸುತ್ತಾ ಬಿಡುವಿನಲ್ಲಿ ಸುದ್ದಿ ಕಳಿಸುವವನು.

“ಮೇಡಂ, ಆ ಟಿನ್ನಿಗೆ ಕನ್ನಡದಾಗ ಏನಂತಾರ್ರಿ?”

“ತವರ.”

“ನ್ಯೂಕ್ಲಿಯಸ್ ಅಂದ್ರ?”

“ಬೀಜ.”

“ತವರದ ಬೀಜ... ಮಂದಿಗೆ ತಿಳಿಯಾಂಗಿಲ್ಲ ಬಿಡ್ರಿ. ಒಳಗುಟ್ಟು ಅಂತ ಹಾಕ್ತೀನಿ, ಎಲ್ಲಾರೂ ಓದ್ತಾರ.”

ಎರಡು ದಿನ ಬಿಟ್ಟು ಪತ್ರಿಕೆ ಬಂತು. ನನ್ನ ಮುಖ ಬೆಂದ ಬದನೆಕಾಯಿಯ ಹಾಗೆ ಅಚ್ಚಾಗಿತ್ತು. ಮೇಲೆ ದಪ್ಪ ಅಕ್ಷರದಲ್ಲಿ: ‘ತವರ ಒಳಗುಟ್ಟು ಬಯಲಿಗೆಳೆದ ಕುಕನೂರಿನ ಮಗಳು.’ ತವರದ ಎಂಬುದರ ‘ದ’ ಮಾಯ. ಕಾಲಂ ಸಾಲಲಿಲ್ಲವಂತೆ. ಸಹೋದ್ಯೋಗಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನ್ರಿ, ಅಪ್ಪನ ಮನಿ ಮರ್ಯಾದಿ ಕಳದ್ರೆಲ್ಲ,” ಅಂದರು. ನಾನೂ ನಕ್ಕೆ. ಕೆಳಗಿನ ಸುದ್ದಿಯಲ್ಲಿ ಲೋಹ, ಲೇಸರ್, ಪರಮಾಣು ಎಂದು ತಕ್ಕಮಟ್ಟಿಗೆ ಸರಿಯಾಗಿಯೇ ಬರೆದಿದ್ದ.

ಆ ವಾರ ಅಪ್ಪನ ಒಂದು ಕಣ್ಣಿನ ಪೊರೆ ತೆಗೆದಿದ್ದರು. ಕಣ್ಣಿಗೆ ಹಸಿರು ಬಟ್ಟೆ, ಓದುವಂತಿಲ್ಲ. ಪತ್ರಿಕೆ ಬಂದ ದಿನವೇ ಅವನು ಯಾರಿಗೂ ಹೇಳದೆ, ಆ ಹಸಿರು ಬಟ್ಟೆಯಲ್ಲೇ, ಕುಷ್ಟಗಿಯ ಬಸ್ಸು ಹತ್ತಿದ. ಅಲ್ಲಿ ನಡೆದದ್ದನ್ನು ನನಗೆ ಹೇಳಿದವರು ಹುಡುಗನ ತಾಯಿ. ಮದುವೆ ಮುರಿಯಿತೆಂದು ತಿಳಿದು ನಾನು ಓಡಿಹೋದಾಗ ಆಕೆ ನನ್ನನ್ನು ಒಳಗೆ ಕರೆದು, ನೀರು ಕೊಟ್ಟು, ಎದುರಿಗೆ ಕೂತರು.

“ನಿಮ್ಮ ಸುದ್ದಿ ಓದಿ ಭಾಳ ಖುಷಿ ಪಟ್ಟಿದ್ವಿ ನೋಡ್ರಿ. ಬರೂ ಸೊಸಿ ಅಕ್ಕ ಇವರು ಅಂತ ಓಣಿಗೆಲ್ಲ ತೋರ್ಸಿದ್ವಿ. ಅಷ್ಟರಾಗ ನಿಮ್ಮಪ್ಪಾರು ಬಂದ್ರು. ‘ಪ್ಯಾಪರ್ನಾಗ ಬಂದದ್ದು ಖರೇ ಐತ್ರಿ’ ಅಂದ್ರು. ನಾವು ‘ಹೌದ್ರಿ, ಓದಿದ್ವಿ, ಭಾಳ ಛಲೋ ಆತು’ ಅಂದ್ವಿ.”

ಆಕೆ ಖಾಲಿಯಾದ ಲೋಟ ಪಕ್ಕಕ್ಕೆ ಸರಿಸಿದರು.

“ಅವರು ಅಳಾಕ ಹತ್ತಿದ್ರು. ‘ಆಕಿಗೆ ಫಿಟ್ಸ್ ಬರ್ತಾವ ಅಂತ ತಿಳಿದ ಮ್ಯಾಲೂ ಛಲೋ ಆತು ಅಂತೀರೆಲ್ಲ, ನೀವು ಮನಷ್ಯಾರಲ್ಲ, ದೇವರು’ ಅಂತ ನಮ್ಮ ಮನಿಯಾರ ಕಾಲು ಹಿಡಿಯಾಕ ಬಂದ್ರು. ನಮಗ ಏನೂ ತಿಳೀವಲ್ತು. ಯಾರ ಫಿಟ್ಸು, ಎಂಥಾ ಫಿಟ್ಸು? ಎಲ್ಲಾರೂ ಗಪ್ಪಾದ್ವಿ. ಆಗ ಅವರಿಗೂ ತಿಳೀತು, ನಮಗ ಗೊತ್ತಿರಲಿಲ್ಲ ಅಂತ.”

ನಾನು ಗುಳಿಗೆಯ ವಿಷಯ, ಡಾಕ್ಟರರ ಮಾತು ಎಲ್ಲ ಹೇಳತೊಡಗಿದೆ. ಆಕೆ ತಡೆದರು. “ಮೊದಲ ಹೇಳಿದ್ರ ಏನ್ ಮಾಡ್ತಿದ್ವೋ ನನಗೂ ಗೊತ್ತಿಲ್ರಿ. ಸುಳ್ಳ ಯಾಕ ಹೇಳ್ಲಿ, ಆಗೂ ಬ್ಯಾಡ ಅಂತಿದ್ವೇನೋ. ಆದ್ರ ಮುಚ್ಚಿಟ್ಟದ್ದು ನೋಡಿ ಮನಸು ಮುರೀತು.”

ಆಕೆಯ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದಿದ್ದೆ. ಆಗಲಿಲ್ಲ. ಅಲ್ಲಿಂದ ನೇರ ಕುಕನೂರಿಗೆ ಹೋದೆ. ಅಪ್ಪ ಹೊಸ್ತಿಲಲ್ಲೇ ನಿಂತಿದ್ದ. ಹಸಿರು ಬಟ್ಟೆಯ ಕೆಳಗೆ ಆ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಔಷಧಿಯದೋ ಅಳುವೋ ತಿಳಿಯಲಿಲ್ಲ.

“ಓದಿದ ಮಗಳ ಉಪಕಾರ ಸಾಕವಾ,” ಅಂದ. “ಗಂಡನ ಮನಿ ಐತೆಲ್ಲ, ಅಲ್ಲೇ ಇರು. ಈ ಹೊಸ್ತಿಲಾ ತುಳಿಬ್ಯಾಡ.”

“ಅಪ್ಪಾ, ಅದು ಕಲಾಯಿ ಸುದ್ದಿ. ಪ್ಯಾಪರ ಕೊಡು, ನಾ ಓದಿ ತೋರಿಸ್ತೀನಿ.”

“ನೀರೊಲಿಗೆ ಹಾಕೀನಿ. ಇನ್ನೊಮ್ಮಿ ಕೇಳೂ ತಾಕತ್ತು ನನಗಿಲ್ಲ.”

ತಂಗಿ ಒಳಗಿದ್ದಳು. ಹೊರಗೆ ಬರಲಿಲ್ಲ. ಪಾಪ, ಮದುವೆ ಮುರಿದ ದುಃಖ ಎಂದುಕೊಂಡು ನಾನು ಕರೆಯಲೂ ಇಲ್ಲ. ಬಸ್ ನಿಲ್ದಾಣದಲ್ಲಿ ಕೂತು ಅತ್ತೆ. ನನ್ನ ಬದುಕಿನಲ್ಲಿ ಅಷ್ಟು ಅತ್ತದ್ದು ಅವ್ವ ಹೋದಾಗಲೂ ಇಲ್ಲ. ಆಗ ಅಳಲು ತಂಗಿ ಬಿಟ್ಟಿರಲಿಲ್ಲ, ಆಕೆಗೆ ಹಸಿವಾಗಿತ್ತು.

ನಾನು ನನ್ನದೇ ಒಂದು ತೀರ್ಮಾನಕ್ಕೆ ಬಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಪ್ಪ ಬರೀ ತಲೆಬರಹ ಕೇಳಿ ಹೆದರಿದ. ತವರ ಅಂದರೆ ಕಲಾಯಿ ಎಂದು ನಾನು ಹಿಂದೆ ಹೇಳಿದ್ದು ಮರೆತುಹೋಗಿರಬೇಕು. ಒಂದು ‘ದ’ ಬಿದ್ದುಹೋಗಿ ಒಂದು ಮದುವೆ ಮುರಿಯಿತು, ಒಂದು ತವರು ಮುಚ್ಚಿತು. ಇದನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನು ಎಷ್ಟೋ ಸಲ ನಗೆಚಟಾಕಿಯಾಗಿ ಹೇಳಿದ್ದೇನೆ, ತಂಗಿಯ ವಿಷಯ ಬಿಟ್ಟು. ಎಲ್ಲರೂ ನಗುತ್ತಿದ್ದರು. ಅದಾದ ಮೇಲೆ ಪಾಠಕ್ಕೆ ಹೋಗಲು ನನಗೆ ಮನಸ್ಸಾಗುತ್ತಿರಲಿಲ್ಲ.

ಆ ವರ್ಷಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನಾಗರ ಪಂಚಮಿ ಬಂದರೆ ನಮ್ಮ ಕಡೆ ಹೆಣ್ಣುಮಕ್ಕಳನ್ನು ಕರೆಯಲು ತವರಿನವರು ಬರುತ್ತಾರೆ. ನನ್ನ ಓರಗಿತ್ತಿಯ ಅಣ್ಣ ಕಾರಟಗಿಯಿಂದ ಹಬ್ಬದ ಉಂಡಿಯ ಡಬ್ಬಿ ಹಿಡಿದು ಬಾಗಿಲಿಗೆ ಬಂದಾಗ ನಾನು ಪರೀಕ್ಷೆಯ ಪತ್ರಿಕೆಗಳ ಮುಂದೆ ಕೂತಿರುತ್ತಿದ್ದೆ. ತಿದ್ದಲು ಪತ್ರಿಕೆ ಇಲ್ಲದ ವರ್ಷವೂ ಕೂತಿದ್ದೆ. ಅತ್ತೆ ತಿಳಿದವರು, ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಸಂಶೋಧನೆಯೂ ನಿಂತಿತು. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಇದ್ದದ್ದು ಒಂದು ಸೋಡಿಯಂ ದೀಪ, ಅದೂ ಕರೆಂಟ್ ಇದ್ದಾಗ. ಹೊರದೇಶಗಳಲ್ಲಿ ಕ್ಷಣಗಳಷ್ಟೇ ಬದುಕುವ ತವರದ ಬೀಜಗಳನ್ನು ಹುಟ್ಟಿಸಿ, ಅವು ಸಾಯುವುದರೊಳಗೆ ಲೇಸರಿನಿಂದ ಅಳೆಯುತ್ತಿದ್ದಾರೆಂದು ಓದುತ್ತಿದ್ದೆ. ಓದಿ ಮಡಿಚಿಡುತ್ತಿದ್ದೆ. ಹೊಟ್ಟೆಕಿಚ್ಚು ಆಗುತ್ತಿತ್ತು, ಇಲ್ಲವೆನ್ನಲಾರೆ.

ತಂಗಿ ಮಾತ್ರ ಬದಲಾದಳು. ಗುಟ್ಟು ಊರಿಗೆಲ್ಲ ತಿಳಿದ ಮೇಲೆ ಭರಣಿಯ ಹಿಂದಿನ ಡಬ್ಬಿ ಪಡಸಾಲೆಯ ಗೋಡೆಯ ಮಾಡಕ್ಕೆ ಬಂತು. ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುತ್ತಿದ್ದಳು, ಫಿಟ್ಸ್ ಬರುವುದು ಅಪರೂಪವಾಯಿತು. ಅಂಗನವಾಡಿಯಲ್ಲಿ ಕೆಲಸ ಹಿಡಿದಳು. ಮದುವೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ತಿಂಗಳಿಗೊಮ್ಮೆ ಸಭೆಗೆಂದು ಯಲಬುರ್ಗಾಕ್ಕೆ ಹೋದಾಗ ಅಲ್ಲಿಂದ ಫೋನ್ ಮಾಡುತ್ತಿದ್ದಳು. “ಅಪ್ಪ ಏನಂತಾನ?” ಎಂದು ನಾನು ಕೇಳಿದರೆ “ಆರಾಮ ಅದಾನ” ಎನ್ನುತ್ತಿದ್ದಳು. ನಾನು ಕೇಳಿದ್ದು ಅದನ್ನಲ್ಲ ಎಂದು ಆಕೆಗೂ ಗೊತ್ತಿತ್ತು.

ಕೊನೆಗೆ ಅಪ್ಪನಿಗೆ ಲಕ್ವ ಹೊಡೆಯಿತು. ಕೊಪ್ಪಳದ ಆಸ್ಪತ್ರೆಗೆ ಸೇರಿಸಿದ್ದರು. “ಅಪ್ಪ ಕರೀತಾನ, ಬಾ,” ಎಂದು ತಂಗಿ ಫೋನ್ ಮಾಡಿದಳು. ಹೋದೆ. ಬಾಯಿ ಒಂದು ಕಡೆ ಎಳೆದಿತ್ತು. ತಂಗಿ ಮಂಚದ ಆಚೆ ನಿಂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದ. ಆಮೇಲೆ ತೊದಲುತ್ತಾ ಕೇಳಿದ:

“ಯಾಕ ಬರ್ಸಿದಿ?”

ಉತ್ತರ ನನ್ನ ಬಾಯಲ್ಲಿ ವರ್ಷಗಳಿಂದ ಸಿದ್ಧವಿತ್ತು. ಕಲಾಯಿ, ಲೇಸರ್, ಬಿದ್ದುಹೋದ ಅಕ್ಷರ, ಎಲ್ಲ. ಕನ್ನಡಿಯ ಮುಂದೆ ನಿಂತು ಎಷ್ಟು ಸಲ ವಾದ ಮಾಡಿ ಗೆದ್ದಿದ್ದೆನೋ. ಆದರೆ ಆ ಸೊಟ್ಟ ಬಾಯಿ ನೋಡಿದ ಮೇಲೆ ಯಾರೊಡನೆ ವಾದ ಮಾಡಲಿ? ಅವನಿಗೆ ಬೇಕಾಗಿದ್ದದ್ದು ವಿವರಣೆ ಅಲ್ಲ.

“ತಪ್ಪಾತಪ್ಪಾ,” ಅಂದೆ. “ನಂದ ತಪ್ಪು. ಹೊಟ್ಟ್ಯಾಗ ಹಾಕ್ಕೋ.”

ತಂಗಿಯ ಕೈಯ ಚಮಚ ಅರ್ಧದಲ್ಲಿ ನಿಂತಿತು. ಆಮೇಲೆ ಅದನ್ನು ಅಪ್ಪನ ಬಾಯಿಗೆ ಇಟ್ಟಳು. ಅಪ್ಪ ಕಣ್ಣು ಮುಚ್ಚಿಕೊಂಡ. ಹೊಟ್ಟೆಗೆ ಹಾಕಿಕೊಂಡನೋ ಇಲ್ಲವೋ ಹೇಳಲಿಲ್ಲ. ಆ ವಾರದಲ್ಲೇ ಹೋದ.

ಅಪ್ಪನ ದಿನದ ಕಾರ್ಯವೆಲ್ಲ ಮುಗಿದು, ಬಂದ ಬಳಗ ಊರು ಸೇರಿದ ಮೇಲೆ ಒಂದು ಮಧ್ಯಾಹ್ನ ನಾನು ಮತ್ತು ತಂಗಿ ಪಡಸಾಲೆಯಲ್ಲಿ ಉಳಿದ ಅಕ್ಕಿ ಬೇಳೆ ಬೇರೆ ಬೇರೆ ಮಾಡುತ್ತಾ ಕೂತಿದ್ದೆವು. ಮನೆ ಬಿಕೋ ಎನ್ನುತ್ತಿತ್ತು. ಏನಾದರೂ ಹೇಳಬೇಕೆಂದು ನಾನು ಹಳೆಯ ಚಟಾಕಿಯನ್ನೇ ತೆಗೆದೆ: “ನೋಡು, ಆ ಪ್ಯಾಪರಿನವ ಒಂದು ‘ದ’ ಹಾಕಿದ್ರ ಇಷ್ಟೆಲ್ಲ ಆಗ್ತಿರಲಿಲ್ಲ.”

ಆಕೆ ಬೇಳೆಯಿಂದ ಕಣ್ಣೆತ್ತಲಿಲ್ಲ.

“ಅದರಿಂದ ಆಗಲಿಲ್ಲಕ್ಕ ಅದು.”

“ಮತ್ತ?”

“ಪ್ಯಾಪರ ನಾನ ಓದಿ ಹೇಳಿದ್ದೆ. ತಲೆಬರಹ ಓದಿದಾಗ ಅಪ್ಪ ನಕ್ಕಿದ್ದ. ‘ಮಬ್ಬ ಮಂದಿ, ದ ನುಂಗಿಬಿಟ್ಟಾರ, ಅದು ಕಲಾಯಿ ಸುದ್ದಿ’ ಅಂದ. ಭಾಳ ಖುಷಿಯಾಗಿದ್ದ. ಮುಂದ ಓದು, ಮುಂದ ಓದು ಅಂದ. ನಾ ಎಲ್ಲಾ ಓದಿದೆ. ಕಡೀಕ ಇನ್ನೆರಡು ಸಾಲು ಓದಿದೆ. ಅವು ಅದರಾಗ ಇರಲಿಲ್ಲ.”

“ಏನ್ ಓದಿದಿ?”

ಆಕೆ ಆ ಸಾಲುಗಳನ್ನು ಮರೆತಿರಲಿಲ್ಲ. ಪತ್ರಿಕೆ ಓದುವ ದನಿಯಲ್ಲೇ ಹೇಳಿದಳು: “‘ತಮ್ಮ ತಂಗಿಗೆ ಕೆಲವು ವರ್ಷಗಳಿಂದ ಮೂರ್ಛೆರೋಗವಿದ್ದು, ಅದನ್ನು ಮುಚ್ಚಿಟ್ಟು ಕುಷ್ಟಗಿಗೆ ಮದುವೆ ಮಾಡಿಕೊಡುತ್ತಿರುವುದು ತಪ್ಪು ಎಂದು ಸಾಧಕಿ ನೊಂದು ನುಡಿದರು.’”

ಅಪ್ಪ ನಂಬದೆ ಏನು ಮಾಡಿಯಾನು? ಅವು ನನ್ನವೇ ಮಾತು. ಅದೇ ಪಡಸಾಲೆಯಲ್ಲಿ ನಿಂತು ನಾನೇ ಕೂಗಿ ಹೇಳಿದ್ದೆ. ಕುಷ್ಟಗಿಯವರು ಕಡೆಯ ಸಾಲಿನತನಕ ಓದಿರಲಿಲ್ಲ ಎಂದುಕೊಂಡಿರಬೇಕು. ಆಮೇಲೆ ಓಣಿಯವರು ಅದು ಕಲಾಯಿ ಸುದ್ದಿ ಅಂದಾಗಲೆಲ್ಲ, ಮರ್ಯಾದಸ್ಥ ಮಂದಿ ತನ್ನ ಮುಖ ನೋಡಿ ಮುಚ್ಚಿಡುತ್ತಿದ್ದಾರೆಂದೇ ಅವನು ತಿಳಿದಿರಬೇಕು. ಮುಚ್ಚಿಡುವುದು ಅವನಿಗೆ ಚೆನ್ನಾಗಿ ಗೊತ್ತಿದ್ದ ಕೆಲಸ. ನನ್ನ ‘ದ’ ಕಾರಣವೇ ಆಗಿರಲಿಲ್ಲ. ಇಷ್ಟು ವರ್ಷ ನಾನು ತಪ್ಪು ಲೆಕ್ಕ ಇಟ್ಟುಕೊಂಡು ಮಂದಿಯನ್ನು ನಗಿಸಿದ್ದೆ.

“ಯಾಕ?” ಅಂದೆ.

“ಅಲ್ಲಿ ಹೋಗಿ ಕದ್ದು ಗುಳಿಗಿ ನುಂಗೂದು ನನಗ ಆಗ್ತಿರಲಿಲ್ಲ. ದಿನಾ ಯಾವಾಗ ಬೀಳ್ತೀನೋ, ಯಾರು ನೋಡ್ತಾರೋ ಅಂತ. ಅಪ್ಪಗ ಬ್ಯಾಡ ಅನ್ನಾಕ ನನಗ ಬಾಯಿ ಇರಲಿಲ್ಲ. ಓದಾಕ ಇತ್ತು. ಅಂವ ಹೆದರಿ ಮದಿವಿ ನಿಲ್ಲಿಸ್ತಾನ ಅಂದ್ಕೊಂಡಿದ್ದೆ. ಎದ್ದು ಕುಷ್ಟಗಿಗೆ ಹೋಗ್ತಾನಂತ ತಿಳಿದಿರಲಿಲ್ಲ.”

ಕಪಾಳಕ್ಕೆ ಹೊಡೆಯಬೇಕೆನ್ನಿಸಿತು, ಅಪ್ಪಿಕೊಳ್ಳಬೇಕೆಂದೂ ಅನ್ನಿಸಿತು, ಎರಡೂ ಮಾಡಲಿಲ್ಲ. ಆಕೆ ಮಾಡಿದ್ದು ನನಗೆ ಅರ್ಥವಾಗುತ್ತಿತ್ತು. ಆಕೆಯ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ. ಆದರೆ ಆಸ್ಪತ್ರೆಯ ಆ ಮಂಚ ಕಣ್ಣ ಮುಂದಿನಿಂದ ಹೋಗಲಿಲ್ಲ.

“ಮದಿವಿ ಮುರೀಲಿ ಬಿಡು. ಅಂವ ಸಾಯೂ ಮುಂದ ಕೇಳಿದನಲ್ಲ, ಯಾಕ ಬರ್ಸಿದಿ ಅಂತ. ನೀ ಅಲ್ಲೇ ನಿಂತಿದ್ದಿ. ನಾ ತಪ್ಪಾತು ಅಂದೆ, ನೀ ಕೇಳಿದಿ. ಆವಾಗಾದ್ರೂ ಯಾಕ ಹೇಳಲಿಲ್ಲ?”

ಆಕೆ ಮೊರದ ಬೇಳೆಯನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದಳು.

“ಹೇಳಿದ್ರ ಅಂವಗ ಇಬ್ಬರೂ ಮಕ್ಕಳು ಇಲ್ದಾಂಗ ಆಗ್ತಿದ್ರಕ್ಕ. ಒಬ್ಬಾಕಿ ಹೆಂಗೂ ಹೋಗಿದ್ಲು. ಇನ್ನೊಬ್ಬಾಕಿನ್ನಾದ್ರೂ ಇಟ್ಕೊಂಡು ಹೋಗ್ಲಿ ಅಂತ ಬಿಟ್ಟೆ.”

ಹೇಗೂ ಹೋಗಿದ್ದ ಆ ಒಬ್ಬಾಕೆ ನಾನು.